ತರಗತಿಯಲ್ಲಿ ಮಾತಾಡದ ಹುಡುಗ: ಮಲೆನಾಡಿನ ಒಂದು ಶಿಶುವಿಹಾರದ ಪ್ರಕರಣ

ನಾಲ್ಕು ವರ್ಷ ದಾಟಿದ ಹುಡುಗ. ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿದ. ಆಗಸ್ಟ್ ಮುಗಿಯುತ್ತಾ ಬಂದರೂ ತರಗತಿಯಲ್ಲಿ ಒಂದೇ ಒಂದು ಮಾತು ಆಡಿರಲಿಲ್ಲ. ಅಳುವುದಿಲ್ಲ, ಹಟ ಮಾಡುವುದಿಲ್ಲ, ಯಾರಿಗೂ ಹೊಡೆಯುವುದಿಲ್ಲ. ಬಂದವನೇ ಚೀಲವನ್ನು ಮೊಳೆಗೆ ನೇತುಹಾಕುತ್ತಿದ್ದ, ಚಪ್ಪಲಿ ಸಾಲಾಗಿ ಇಡುತ್ತಿದ್ದ, ಕಿಟಕಿ ಪಕ್ಕದ ಚಾಪೆ ಮೇಲೆ ಕೂರುತ್ತಿದ್ದ. ಒಂದಕ್ಕೆ ಹೋಗಬೇಕಾದರೆ ಆಯಮ್ಮನ ಸೆರಗು ಹಿಡಿದು ಎಳೆಯುತ್ತಿದ್ದ. ಅಷ್ಟೇ.

ಇದು ಸಾಗರ, ಹೊಸನಗರ ಕಡೆಯ ಒಂದು ಚರ್ಚ್ ನಡೆಸುವ ಶಿಶುವಿಹಾರ. ಶಾಲೆಯ ಹೆಸರು, ಊರು ಬರೆಯುವುದಿಲ್ಲ. ಮನೆಯವರ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಹುಡುಗನನ್ನು ಪುಟ್ಟ ಅಂತ ಕರೆಯೋಣ. ಚಿಕ್ಕ ಮಕ್ಕಳ ಟೀಚರ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಹಾಗಾಗಿ ಆ ವರ್ಷ ಈ ತರಗತಿಗೆ ಆಗಾಗ ಹೋಗಿ ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ಮಾತಾಡದ ಮಗು ಕಂಡರೆ ನಾವೆಲ್ಲ ಮೊದಲು ಮಾಡುವ ಕೆಲಸ ಅದನ್ನು ಮಾತಾಡಿಸುವುದು. ಅದನ್ನು ನಿಲ್ಲಿಸಿದಾಗಲೇ ಇಲ್ಲಿ ದಾರಿ ತೆರೆದಿದ್ದು. ಇದನ್ನು ಬರೆದಿಡಬೇಕು ಅನ್ನಿಸಿದ್ದು ಅದಕ್ಕೇ.

ತರಗತಿ ಹೇಗಿತ್ತು

ಒಟ್ಟು 22 ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಹಿಂದೂ ಮನೆಯವರು, ನಾಲ್ಕು ಜನ ಮುಸ್ಲಿಂ ಮಕ್ಕಳು, ಉಳಿದವರು ಕ್ರೈಸ್ತರು. ಒಬ್ಬರು ಟೀಚರ್, ಒಬ್ಬರು ಆಯಮ್ಮ. ಮುಖ್ಯಸ್ಥೆ ಒಬ್ಬ ಸಿಸ್ಟರ್. ಬೆಳಿಗ್ಗೆ ಐದು ನಿಮಿಷ ಪ್ರಾರ್ಥನೆ, ಊಟಕ್ಕೆ ಮುಂಚೆ ಕೈ ಜೋಡಿಸಿ ಒಂದು ಸಾಲು. ವಾರಕ್ಕೊಮ್ಮೆ ಬೈಬಲ್ಲಿನ ಒಂದು ಕಥೆ. ಬೇರೆ ಧರ್ಮದ ಪೋಷಕರ ಹತ್ತಿರ ಸೇರಿಸುವಾಗಲೇ ಈ ವಿಷಯ ಮಾತಾಡಿ ಒಪ್ಪಿಗೆ ಬರೆಸಿಕೊಂಡಿದ್ದರು. ಮಾನ್ಯತೆ ಪಡೆದ ಅಥವಾ ಸರ್ಕಾರದ ಅನುದಾನ ಪಡೆಯುವ ಸಂಸ್ಥೆಯಲ್ಲಿ ಚಿಕ್ಕ ಮಕ್ಕಳನ್ನು ಪೋಷಕರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವ ಹಾಗಿಲ್ಲ ಅನ್ನುತ್ತದೆ ಸಂವಿಧಾನದ 28ನೇ ವಿಧಿ. ಬೇಡ ಅಂದ ಎರಡು ಮನೆಯ ಮಕ್ಕಳು ಆ ಹೊತ್ತಿನಲ್ಲಿ ಆಯಮ್ಮನ ಜೊತೆ ಗಿಡಕ್ಕೆ ನೀರು ಹಾಕುತ್ತಿದ್ದರು.

ಕಥೆ ಹೇಳುವ ರೀತಿ ನನಗೆ ತುಂಬಾ ಹಿಡಿಸಿತ್ತು. ಮರದಲ್ಲಿ ಕೆತ್ತಿದ ಕುರಿಗಳು, ಒಬ್ಬ ಕುರುಬ, ಬಿದಿರು ಕಡ್ಡಿಯ ದೊಡ್ಡಿ. ಕಳೆದುಹೋದ ಕುರಿಯ ಕಥೆಯನ್ನು ಟೀಚರ್ ನಿಧಾನಕ್ಕೆ ಹೇಳುತ್ತಾ ಗೊಂಬೆಗಳನ್ನು ಸರಿಸುತ್ತಿದ್ದರು. ಆಮೇಲೆ ಮಕ್ಕಳು ತಾವೇ ಆಡಿಕೊಳ್ಳಬಹುದಿತ್ತು. ಮಾಂಟೆಸ್ಸೊರಿ ಪದ್ಧತಿಯಿಂದ ಹುಟ್ಟಿದ ಕ್ರಮ ಇದು. 1954ರಲ್ಲಿ ರೋಮ್‌ನಲ್ಲಿ ಸೋಫಿಯಾ ಕವಲ್ಲೆಟ್ಟಿ ಅನ್ನುವ ಬೈಬಲ್ ಪಂಡಿತೆ ಮತ್ತು ಜಾನ್ನಾ ಗೊಬ್ಬಿ ಅನ್ನುವ ಮಾಂಟೆಸ್ಸೊರಿ ಶಿಕ್ಷಕಿ ಸೇರಿ ಪುಟ್ಟ ಮಕ್ಕಳಿಗಾಗಿ ಶುರು ಮಾಡಿದರು. ಬಾಯಿಪಾಠಕ್ಕಿಂತ ಕೈಗೆ, ಕಣ್ಣಿಗೆ ಮೊದಲ ಜಾಗ. ಪುಟ್ಟನ ವಿಷಯದಲ್ಲಿ ಇದೇ ಕೆಲಸಕ್ಕೆ ಬಂತು.

ಇದರ ಜೊತೆಗೆ ತರಗತಿಗೆ ಇನ್ನೊಂದು ಮುಖ ಇತ್ತು. ಬೆಳಿಗ್ಗೆ ಹಾಜರಿ ಕರೆದಾಗ ಪ್ರತಿ ಮಗುವೂ ಎದ್ದು ನಿಂತು ‘ಗುಡ್ ಮಾರ್ನಿಂಗ್ ಮಿಸ್’ ಅನ್ನಬೇಕು. ಇಂಗ್ಲಿಷ್ ರೈಮ್ಸ್. ನಾಲ್ಕು ಗೆರೆ ಪುಸ್ತಕದಲ್ಲಿ ಎಬಿಸಿಡಿ. ಪೋಷಕರು ಇದನ್ನೇ ಕೇಳಿಕೊಂಡು ಬರುತ್ತಾರೆ, ಇಲ್ಲದಿದ್ದರೆ ಪಕ್ಕದ ಶಾಲೆಗೆ ಹೋಗುತ್ತಾರೆ. ಪುಟ್ಟನ ಸರದಿ ಬಂದಾಗ ಟೀಚರ್ ಎರಡು ಸಲ ಹೇಳಿಕೊಡುತ್ತಿದ್ದರು. ಇಡೀ ತರಗತಿ ತಿರುಗಿ ನೋಡುತ್ತಿತ್ತು. ಅವನು ಶರ್ಟಿನ ಕೊನೆ ಗುಂಡಿಯನ್ನು ತಿರುವುತ್ತಾ ನಿಲ್ಲುತ್ತಿದ್ದ. ‘ಅವನಿಗೆ ಮಾತು ಬರಲ್ಲ ಮಿಸ್’ ಅಂತ ಯಾವುದಾದರೂ ಮಗು ಹೇಳುತ್ತಿತ್ತು.

ಮಳೆಯದೂ ಒಂದು ಪಾಲಿತ್ತು. ಜೂನ್‌ನಲ್ಲಿ ಸೇರಿದ ಮಗು ಶಾಲೆಗೆ ಒಗ್ಗಿಕೊಳ್ಳುವ ಹೊತ್ತಿಗೆ ಜುಲೈ ಮಳೆ ರಜೆಗಳು ಬರುತ್ತವೆ. ಒಂದು ವಾರದಲ್ಲಿ ಎರಡು ದಿನ ಶಾಲೆ, ಮೂರು ದಿನ ರಜೆ. ಅಮ್ಮನನ್ನು ಬಿಟ್ಟು ಕೂರುವುದನ್ನು ಮಗು ಪ್ರತಿ ಸಲ ಹೊಸದಾಗಿ ಕಲಿಯಬೇಕು. ಮಲೆನಾಡಿನ ಶಿಶುವಿಹಾರಗಳು ಸೇರಿಸಿದ ಮೊದಲ ತಿಂಗಳನ್ನು ನೋಡಿ ಮಗುವನ್ನು ಅಳೆಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಕಿವಿ

ಮಾತಾಡದ ಮಗುವಿಗೆ ಮೊದಲು ನೋಡಬೇಕಾದ್ದು ಕಿವಿ. ಆಮೇಲೆ ಉಳಿದದ್ದು. ಟೀಚರ್ ಇದನ್ನು ಚೆನ್ನಾಗಿ ಗಮನಿಸಿದ್ದರು. ಎದುರಿಗೆ ನಿಂತು ಕೈಸನ್ನೆ ಜೊತೆ ಹೇಳಿದರೆ ಪುಟ್ಟ ತಕ್ಷಣ ಮಾಡುತ್ತಾನೆ. ಹಿಂದಿನಿಂದ ಕರೆದರೆ ಕೆಲವು ಸಲ ತಿರುಗುವುದೇ ಇಲ್ಲ. ಮೂಗು ಸದಾ ಸೋರುತ್ತಿತ್ತು, ಬಾಯಿ ತೆರೆದೇ ಉಸಿರಾಡುತ್ತಿದ್ದ. ಜುಲೈ ಶುರುವಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಸಿಸ್ಟರ್ ಹೇಳಿದರು.

ಎಡಗಿವಿಯ ಪರದೆಯ ಹಿಂದೆ ನೀರು ತುಂಬಿತ್ತು. ಪುಟ್ಟ ಮಕ್ಕಳಲ್ಲಿ ನೆಗಡಿ ಆದ ಮೇಲೆ ಇದು ತೀರಾ ಸಾಮಾನ್ಯ. ನೋವು ಇರುವುದಿಲ್ಲ, ಕೀವು ಸೋರುವುದಿಲ್ಲ, ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಕೇಳುವುದು ಮಂದವಾಗುತ್ತದೆ. ಬಹಳಷ್ಟು ಮಕ್ಕಳಲ್ಲಿ ಎರಡು ಮೂರು ತಿಂಗಳೊಳಗೆ ತಾನಾಗಿ ಹೋಗುತ್ತದೆ. ಡಾಕ್ಟರು ಅದನ್ನೇ ಹೇಳಿ, ಮತ್ತೆ ಬಂದು ತೋರಿಸಿ ಅಂದರು. ಅಲ್ಲಿಯವರೆಗೆ ಮುಂದೆ ಕೂರಿಸಿ, ಮುಖ ನೋಡಿ ಮಾತಾಡಿ ಅಂತಲೂ ಹೇಳಿದರು.

ಕಾರಣ ಸಿಕ್ಕಿತು ಅಂತ ಮನೆಯವರು ನಿರಾಳ ಆದರು. ಶಾಲೆಯವರೂ ಆದರು. ಆಗಸ್ಟ್ ಮಧ್ಯದಲ್ಲಿ ಮತ್ತೆ ತೋರಿಸಿದಾಗ ನೀರು ಇರಲಿಲ್ಲ, ಎರಡೂ ಕಿವಿ ಚೆನ್ನಾಗಿ ಕೇಳುತ್ತಿದ್ದವು. ಹಿಂದಿನಿಂದ ಕರೆದರೂ ಪುಟ್ಟ ತಿರುಗಿ ನೋಡಲು ಶುರು ಮಾಡಿದ. ಮಾತು ಮಾತ್ರ ಬರಲಿಲ್ಲ.

ಅಷ್ಟರೊಳಗೆ ನಾನೂ ಟೀಚರೂ ಅವನ ಮನೆಗೆ ಹೋಗಿ ಬಂದಿದ್ದೆವು.

ಮನೆ

ಪೇಟೆಯಿಂದ ಐದಾರು ಕಿಲೋಮೀಟರ್ ಒಳಗೆ, ತೋಟದ ಮನೆ. ಘಟ್ಟದ ಕೆಳಗಿನಿಂದ ಹಿಂದಿನ ತಲೆಮಾರಿನಲ್ಲಿ ಬಂದ ಕೊಂಕಣಿ ಕ್ರೈಸ್ತ ಕುಟುಂಬ. ಅಪ್ಪನಿಗೆ ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ, ಮನೆ ಹಿಂದೆ ಒಂದಿಷ್ಟು ಅಡಿಕೆ. ಅಮ್ಮ ಬಟ್ಟೆ ಹೊಲಿಯುತ್ತಾರೆ. ಅಜ್ಜಿ ಇದ್ದಾರೆ. ನಾವು ಹೋದಾಗ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಸುವ ಗಡಿಬಿಡಿ. ಅಪ್ಪ ತೋಟದಲ್ಲಿದ್ದರು.

ಅಂಗಳಕ್ಕೆ ಕಾಲಿಡುವ ಮುಂಚೆಯೇ ಹಿತ್ತಿಲಿನಿಂದ ಒಂದು ಮಗುವಿನ ದನಿ ಕೇಳಿಸಿತು. ಜೋರು ದನಿ, ನಿಲ್ಲದ ಮಾತು. ನಾವು ಮನೆ ಪಕ್ಕದಲ್ಲೇ ನಿಂತೆವು. ಅಜ್ಜಿ ಕೊಟ್ಟಿಗೆಯಲ್ಲಿ ಸೊಪ್ಪು ಹಾಸುತ್ತಿದ್ದರು. ಪುಟ್ಟ ಮೆಟ್ಟಿಲ ಮೇಲೆ ಕೂತು ಕೊಂಕಣಿಯಲ್ಲಿ ಅವರಿಗೆ ಏನೋ ವರದಿ ಒಪ್ಪಿಸುತ್ತಿದ್ದ. ಟೀಚರ್‌ಗೆ ಕೊಂಕಣಿ ಅರ್ಥ ಆಗುತ್ತದೆ, ಅವರು ನನಗೆ ಮೆಲ್ಲಗೆ ಹೇಳಿದರು: ನಿನ್ನೆ ಹುಂಜ ಬಾವಿ ಕಟ್ಟೆ ಹತ್ತಿತ್ತು, ಬಿದ್ದರೆ ಯಾರು ಇಳಿಯುತ್ತಾರೆ, ಅಪ್ಪ ಇಳಿದರೆ ಅಪ್ಪನನ್ನು ಯಾರು ಎತ್ತುತ್ತಾರೆ. ನಿನ್ನೆಯ ಸಂಗತಿ, ಆಗದೇ ಇದ್ದ ಸಂಗತಿ, ಕಾರಣ, ಪ್ರಶ್ನೆ, ಎಲ್ಲಾ ಅದರಲ್ಲಿತ್ತು. ನಾಲ್ಕು ವರ್ಷದ ಮಗುವಿನಿಂದ ಇದಕ್ಕಿಂತ ಇನ್ನೇನು ಬೇಕು? ನಮ್ಮನ್ನು ಕಂಡ ತಕ್ಷಣ ಮಾತು ನಿಂತಿತು. ಅಜ್ಜಿಯ ಹಿಂದೆ ಹೋಗಿ ನಿಂತ.

ಚಹಾ ಕುಡಿಯುವಾಗ ವಿಷಯ ಹೊರಗೆ ಬಂತು. ಮೇ ತಿಂಗಳಲ್ಲಿ, ಶಾಲೆಗೆ ಸೇರಿಸುವ ಮುಂಚೆ, ಮನೆಯಲ್ಲಿ ಕೊಂಕಣಿ ನಿಲ್ಲಿಸಬೇಕು ಅಂತ ತೀರ್ಮಾನ ಆಗಿತ್ತು. ಇನ್ನು ಮೇಲೆ ಇಂಗ್ಲಿಷ್ ಮಾತ್ರ. ಅಮ್ಮನಿಗೆ ಬರುವ ಇಂಗ್ಲಿಷ್ ‘ಕಮ್’, ‘ಸಿಟ್’, ‘ಈಟ್’, ‘ಡೋಂಟ್ ಟಚ್’, ‘ಗೋ ಟು ಸ್ಲೀಪ್’. ಅವರೇ ಇದನ್ನು ಹೇಳಿದರು, ಕಣ್ಣು ತುಂಬಿಕೊಂಡು. ಮೊದಲು ರಾತ್ರಿ ಮಲಗುವಾಗ ಮಗನ ಜೊತೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಈಗ ಏನು ಹೇಳಬೇಕು ಅಂತ ಗೊತ್ತಾಗದೆ ಲೈಟ್ ಆರಿಸಿ ಮಲಗುತ್ತಾರೆ. ಅಜ್ಜಿ ಮಾತ್ರ ಪುಟ್ಟನ ಅಪ್ಪ ಮನೆಯಲ್ಲಿ ಇಲ್ಲದಾಗ, ಕೊಟ್ಟಿಗೆಯಲ್ಲೋ ಬಚ್ಚಲ ಒಲೆ ಮುಂದೋ ಮೊಮ್ಮಗನ ಜೊತೆ ಕೊಂಕಣಿ ಆಡುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾಲ್ಕು ವರ್ಷದ ಮಗುವಿಗೆ ಮನೆಯಲ್ಲಿ ಕೇಳುವ ಮಾತು ಅಂದರೆ ಬರೀ ಅಪ್ಪಣೆ ಅಂತ ಆಗಿಬಿಟ್ಟಿತ್ತು. ಕಥೆ ಇಲ್ಲ, ‘ಯಾಕೆ’ ಇಲ್ಲ, ತಮಾಷೆ ಇಲ್ಲ. ತನಗೆ ಬರುವ ಭಾಷೆ ಕದ್ದು ಆಡಬೇಕಾದ ಭಾಷೆ ಅಂತ ಮಗು ಕಲಿತಿತ್ತು. ಶಾಲೆಗೆ ಬಂದರೆ ಅಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಹೊಸದು. ತಪ್ಪು ಭಾಷೆ ಬಾಯಿಂದ ಬಂದುಬಿಟ್ಟರೆ ಅನ್ನುವ ಭಯಕ್ಕೆ ಬಾಯಿ ಮುಚ್ಚಿಕೊಂಡು ಕೂತಿದ್ದ. ನನಗೆ ಅರ್ಥ ಆಗಿದ್ದು ಹೀಗೆ. ಆ ಶಾಲೆಯ ಟೀಚರ್, ಸಿಸ್ಟರ್ ಇಬ್ಬರಿಗೂ ಕೊಂಕಣಿ ಗೊತ್ತು. ಆದರೆ ಶಾಲೆಯಲ್ಲಿ ಆಡಬಾರದು ಅನ್ನುವುದು ಅಲ್ಲೂ ಅಲಿಖಿತ ನಿಯಮ.

ಅಪ್ಪ ತೋಟದಿಂದ ಬಂದರು. ಕೆಟ್ಟ ಮನುಷ್ಯ ಖಂಡಿತ ಅಲ್ಲ. ‘ನಾನು ಪಿಯುಸಿಗೆ ಶಿವಮೊಗ್ಗಕ್ಕೆ ಹೋದಾಗ ಇಂಗ್ಲಿಷ್ ಒಂದಕ್ಷರ ಅರ್ಥ ಆಗಲಿಲ್ಲ ಮೇಡಂ. ಅರ್ಧಕ್ಕೇ ಬಿಟ್ಟೆ. ಇವನಿಗೆ ಹಾಗಾಗಬಾರದು’ ಅಂದರು. ಈ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಮಲೆನಾಡಿನ ಹಳ್ಳಿಯಿಂದ ಶಿವಮೊಗ್ಗಕ್ಕೆ ಓದಲು ಹೋದ ಎಷ್ಟೋ ಜನರ ನೋವು ಅದು.

ಏನು ಮಾಡಿದೆವು

ಸಿಸ್ಟರ್ ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ಮಾತಾಡಿದರು. ಮನೆಯಲ್ಲಿ ರೆಕಾರ್ಡ್ ಮಾಡಿದ ಪುಟ್ಟನ ಮಾತನ್ನು ಅವರು ಕೇಳಿದರು. ಒಂದು ಜಾಗದಲ್ಲಿ ಚೆನ್ನಾಗಿ ಮಾತಾಡುವ ಮಗು ಇನ್ನೊಂದು ಜಾಗದಲ್ಲಿ ಮಾತೇ ಆಡದಿದ್ದರೆ ಸೆಲೆಕ್ಟಿವ್ ಮ್ಯೂಟಿಸಂ ಅನ್ನುವ ಹೆಸರು ಬೇಗ ಬಾಯಿಗೆ ಬರುತ್ತದೆ. ಆದರೆ ಶಾಲೆಯ ಮೊದಲ ತಿಂಗಳ ಮೌನವನ್ನು ಅದಕ್ಕೆ ಲೆಕ್ಕ ಹಿಡಿಯುವುದಿಲ್ಲ. ಹೊಸ ಭಾಷೆಯ ನಡುವೆ ಬಿದ್ದ ಮಗು ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ, ಕೇಳುತ್ತಾ ಸುಮ್ಮನಿರುವುದೂ ಇದೆ. ಆ ಹೊತ್ತಿನಲ್ಲಿ ಒಳಗೆ ಕಲಿಕೆ ನಡೆದೇ ಇರುತ್ತದೆ. ಮೊದಲು ಮನೆಯ ಭಾಷೆ ವಾಪಸ್ ಕೊಡಿ, ಶಾಲೆಯಲ್ಲಿ ಒತ್ತಡ ತೆಗೆಯಿರಿ, ಆಮೇಲೆ ನೋಡೋಣ ಅಂದರು. ಕೊಂಕಣಿ ಬರುವವರ ಜೊತೆಗೂ ಶಾಲೆಯಲ್ಲಿ ಮಾತಾಡದೇ ಹೋದರೆ ಆಗ ತಡ ಮಾಡದೆ ಕರೆದುಕೊಂಡು ಬನ್ನಿ ಅಂತಲೂ ಸೇರಿಸಿದರು.

ಅಪ್ಪನನ್ನು ಒಪ್ಪಿಸಿದ್ದು ಅಜ್ಜಿಯ ಪ್ರಾರ್ಥನೆ ಪುಸ್ತಕ. ಅದು ಕೊಂಕಣಿ ಪುಸ್ತಕ, ಆದರೆ ಅಕ್ಷರ ಕನ್ನಡದ್ದು. ಕರ್ನಾಟಕದ ಕೊಂಕಣಿ ಕ್ರೈಸ್ತರು ಹೆಚ್ಚಾಗಿ ತಮ್ಮ ಭಾಷೆಯನ್ನು ಕನ್ನಡ ಲಿಪಿಯಲ್ಲೇ ಓದಿ ಬರೆಯುತ್ತಾರೆ. ಸಿಸ್ಟರ್ ಆ ಪುಸ್ತಕ ತೆರೆದು ತೋರಿಸಿದರು: ಇವನು ಈ ಅಕ್ಷರ ಕಲಿತರೆ ಒಂದೇ ಏಟಿಗೆ ಎರಡು ಭಾಷೆ ಓದುತ್ತಾನೆ, ಮೂರನೆಯದಕ್ಕೆ ತಲೆ ಆಗ ತಯಾರಾಗಿರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, 2022ರಲ್ಲಿ ಬಂದ ಮೂರರಿಂದ ಎಂಟು ವರ್ಷದ ಮಕ್ಕಳ ಪಠ್ಯಕ್ರಮ ಚೌಕಟ್ಟು, ಎರಡೂ ಮನೆ ಭಾಷೆಯಲ್ಲೇ ಕಲಿಕೆ ಶುರುವಾಗಲಿ ಅನ್ನುತ್ತವೆ ಅಂತ ನಾನು ಹೇಳಿದೆ. ಅಪ್ಪನಿಗೆ ಅದು ಅಷ್ಟೇನೂ ನಾಟಲಿಲ್ಲ. ಪುಸ್ತಕ ನಾಟಿತು. ‘ಇಂಗ್ಲಿಷ್ ಬಿಡಬಾರದು’ ಅನ್ನುವ ಷರತ್ತಿನ ಮೇಲೆ ಒಪ್ಪಿದರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಹಾಡು ಆಟದ ಮೂಲಕ ಇಂಗ್ಲಿಷ್ ಅಂತ ಮಾತಾಯಿತು.

ಶಾಲೆಯಲ್ಲಿ ಮಾಡಿದ ಬದಲಾವಣೆ ಕೇಳಿದರೆ ತೀರಾ ಸಣ್ಣದು ಅನ್ನಿಸಬಹುದು. ಹಾಜರಿಗೆ ಎದ್ದು ನಿಂತು ಹೇಳುವುದು ಹೋಯಿತು. ಅದರ ಬದಲು ಪ್ರತಿ ಮಗುವೂ ತನ್ನ ಗುರುತಿನ ಅಡಿಕೆಯನ್ನು ಬುಟ್ಟಿಗೆ ಹಾಕಬೇಕು. ಎಲ್ಲರಿಗೂ ಹೀಗೇ, ಪುಟ್ಟನಿಗೆ ಮಾತ್ರ ಅಂತಲ್ಲ. ನಾಲ್ಕು ಗೆರೆ ಪುಸ್ತಕವನ್ನು ವರ್ಷದ ಎರಡನೇ ಅವಧಿಗೆ ಮುಂದೂಡಿದರು. ಇದನ್ನು ನಾನು ಪಟ್ಟು ಹಿಡಿದು ಕೇಳಿದ್ದೆ. ನಾಲ್ಕು ವರ್ಷದ ಮಗುವಿನ ಮಣಿಕಟ್ಟಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಬೆರಳಿಗೆ ಹಿಡಿತ ಬರುತ್ತಿರುವ ಕಾಲ ಅದು. ಮಣ್ಣು ನಾದುವುದು, ದಾರಕ್ಕೆ ಮಣಿ ಪೋಣಿಸುವುದು, ಲೋಟದಿಂದ ಲೋಟಕ್ಕೆ ನೀರು ಸುರಿಯುವುದು, ಹುಣಸೆ ಬೀಜ ಹೆಕ್ಕುವುದು, ಇವೇ ಬರವಣಿಗೆಯ ಮೊದಲ ಪಾಠ. ಸಣ್ಣ ಗೆರೆ ನಡುವೆ ಅಕ್ಷರ ತುರುಕಿಸುವುದರಿಂದ ಕೈ ನೋಯುತ್ತದೆ, ಬರವಣಿಗೆ ಮೇಲೆ ಜುಗುಪ್ಸೆ ಹುಟ್ಟುತ್ತದೆ.

ಇನ್ನು ಪುಟ್ಟನಿಗೆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರು. ‘ಇದು ಯಾವ ಬಣ್ಣ ಹೇಳು’ ಇಲ್ಲ. ಟೀಚರ್ ಅವನ ಪಕ್ಕ ಕೂತು ತಾವು ಮಾಡುತ್ತಿರುವುದನ್ನು ತಾವೇ ಹೇಳಿಕೊಳ್ಳುತ್ತಿದ್ದರು, ನಡುನಡುವೆ ಒಂದೆರಡು ಕೊಂಕಣಿ ಮಾತು. ಉತ್ತರಕ್ಕೆ ಕಾಯುತ್ತಿರಲಿಲ್ಲ. ಅವನು ಮರದ ಕುರಿಗಳ ಹತ್ತಿರ ಹೋಗಿ ಕೂರುವುದು ಜಾಸ್ತಿ ಆಯಿತು. ಕಳೆದುಹೋದ ಕುರಿಯನ್ನು ಪ್ರತಿ ದಿನ ಬೇರೆ ಬೇರೆ ಕಡೆ ಬಚ್ಚಿಡುತ್ತಿದ್ದ, ಒಮ್ಮೆ ಟೀಚರ್ ಚಪ್ಪಲಿ ಒಳಗೆ, ಒಮ್ಮೆ ನೀರಿನ ಹೂಜಿ ಹಿಂದೆ. ಆಮೇಲೆ ಕುರುಬನನ್ನು ಕರೆದುಕೊಂಡು ಹುಡುಕಲು ಹೊರಡುತ್ತಿದ್ದ. ಕಥೆ ಪೂರ್ತಿ ಅರ್ಥ ಆಗಿದೆ ಅಂತ ಹೇಳಲು ಇದಕ್ಕಿಂತ ಬೇರೆ ಪರೀಕ್ಷೆ ಬೇಕಾ?

ಹೂವಿನ ಬುಟ್ಟಿ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮದಿನ, ಕೊಂಕಣಿ ಕ್ರೈಸ್ತರಿಗೆ ಮೊಂತಿ ಹಬ್ಬ, ಹೊಸ ತೆನೆಯ ಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಚರ್ಚಿಗೆ ಹೂವು ತರುತ್ತಾರೆ. ಮಲೆನಾಡಿನಲ್ಲಿ ಅದು ಡೇರೆ ಹೂವಿನ ಕಾಲ. ಶಿಶುವಿಹಾರಕ್ಕೂ ಎಲ್ಲಾ ಮನೆಯಿಂದ ಹೂವು ಬಂತು. ಡೇರೆ, ದಾಸವಾಳ, ಬೇಲಿಯ ಕಾಡು ಹೂವು. ಹೂವು ತರಲು ಯಾವ ಮನೆಯವರೂ ಬೇಡ ಅನ್ನಲಿಲ್ಲ.

ಟೀಚರ್ ಹೂವುಗಳನ್ನು ಚಾಪೆ ಮೇಲೆ ಸುರಿದರು. ಬಣ್ಣ ನೋಡಿ ಬೇರೆ ಮಾಡುವುದು, ದೊಡ್ಡದು ಚಿಕ್ಕದು ಜೋಡಿಸುವುದು, ಎಣಿಸಿ ಬುಟ್ಟಿಗೆ ಹಾಕುವುದು. ಮೂರನೇ ದಿನವೋ ನಾಲ್ಕನೇ ದಿನವೋ ಪುಟ್ಟ ತನ್ನ ಪಾಲಿನ ಕೆಂಪು ಡೇರೆಗಳನ್ನು ಬುಟ್ಟಿಗೆ ಹಾಕುತ್ತಾ ತುಟಿಯಲ್ಲೇ ಎಣಿಸತೊಡಗಿದ. ಏಕ್, ದೋನ್, ತೀನ್. ದನಿ ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣದು. ಸಿಸ್ಟರ್ ಪಕ್ಕದಲ್ಲೇ ಇದ್ದರು. ತಿರುಗಿ ನೋಡಲಿಲ್ಲ, ಶಭಾಷ್ ಅನ್ನಲಿಲ್ಲ. ತಮ್ಮ ಕೈಯ ಹೂವು ಹಾಕುತ್ತಾ ‘ಚಾರ್’ ಅಂದರು. ಅವನು ‘ಪಾಂಚ್’ ಅಂದ. ಈ ಸಲ ನನಗೂ ಕೇಳಿಸಿತು.

ಎದುರಿಗೆ ಕೂತಿದ್ದ ಮುಸ್ಲಿಂ ಹುಡುಗಿ ತಲೆ ಎತ್ತಿದಳು. ‘ನಮ್ಮನೇಲೂ ಹಂಗೇ! ಏಕ್, ದೋ, ತೀನ್, ಚಾರ್, ಪಾಂಚ್!’ ಅಂದಳು. ಉರ್ದು ಮನೆಯ ಮಗು ಅದು. ಪುಟ್ಟ ಅವಳನ್ನೇ ನೋಡಿದ. ತಿದ್ದುವವನ ಹಾಗೆ ‘ದೋನ್’ ಅಂದ. ‘ದೋ’ ಅಂದಳು ಅವಳು. ‘ದೋನ್.’ ಇಬ್ಬರೂ ನಕ್ಕರು. ಉಳಿದ ಮಕ್ಕಳು ‘ಎರಡು’ ಅಂತ ಕೂಗಿದರು. ಅಲ್ಲಿಂದ ಮುಂದೆ ಮೂರು ಭಾಷೆಯಲ್ಲಿ ಎಣಿಸುವುದು ಆ ತರಗತಿಯ ಆಟವೇ ಆಗಿಹೋಯಿತು. ಇಂಗ್ಲಿಷ್ ಸೇರಿ ನಾಲ್ಕು.

ಈ ಇಬ್ಬರ ಜೋಡಿ ಮಳೆ ನಿಂತ ಮೇಲೆ ಗಟ್ಟಿಯಾಯಿತು. ಅಡಿಕೆ ಹಾಳೆ ಮೇಲೆ ಒಬ್ಬರು ಕೂರುವುದು, ಇನ್ನೊಬ್ಬರು ಎಳೆಯುವುದು. ಸರದಿ ಬೇಕು ಅಂದರೆ ಕೇಳಲೇಬೇಕು. ಪುಟ್ಟನ ಮೊದಲ ಕನ್ನಡ ಮಾತು ಅಂಗಳದಲ್ಲಿ ಬಂತು, ಅವಳಿಗೆ: ‘ಈಗ ನಾನು.’ ದೊಡ್ಡವರಲ್ಲಿ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಅಜ್ಜಿಯನ್ನು ಅಕ್ಟೋಬರ್‌ನಲ್ಲಿ ಒಂದು ದಿನ ಕಥೆ ಹೇಳಲು ಕರೆಸಿದರು. ಹರಕು ಕನ್ನಡ, ನಡುನಡುವೆ ಕೊಂಕಣಿ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಪುಟ್ಟ ಅಜ್ಜಿಯ ಮಡಿಲಲ್ಲಿ ಕೂತು ಎಲ್ಲರ ಮುಖ ನೋಡುತ್ತಿದ್ದ. ಆಮೇಲೆ ಕನ್ನಡ ಮಕ್ಕಳಿಗೂ ತಮ್ಮ ಅಜ್ಜಿಯರನ್ನು ಕರೆತರುವ ಹುಮ್ಮಸ್ಸು ಬಂತು. ಅದೊಂದು ಬೇರೆ ಕಥೆ.

ಡಿಸೆಂಬರ್

ಎಲ್ಲವೂ ಸರಾಗ ಆಗಲಿಲ್ಲ. ಕ್ರಿಸ್‌ಮಸ್ ಕಾರ್ಯಕ್ರಮ ಹತ್ತಿರ ಬಂದಾಗ ಶಾಲೆಯ ಹಳೆ ಅಭ್ಯಾಸ ಮತ್ತೆ ತಲೆ ಎತ್ತಿತು. ಎಲ್ಲಾ ಮಕ್ಕಳೂ ಸ್ಟೇಜ್ ಮೇಲೆ ಇಂಗ್ಲಿಷ್ ಹಾಡು ಹಾಡಬೇಕು. ಪುಟ್ಟನಿಗೆ ಕುರಿ ವೇಷ ಹಾಕಿಸಿ ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಅಪ್ಪನಿಗೂ ತುಂಬಾ ಆಸೆ. ರಿಹರ್ಸಲ್ ದಿನ ಮೈಕು, ಲೈಟು, ತುಂಬಿದ ಹಾಲ್ ನೋಡಿ ಪುಟ್ಟ ಕಲ್ಲಾದ. ಅವತ್ತಿನಿಂದ ನಾಲ್ಕು ದಿನ ತರಗತಿಯಲ್ಲೂ ಮಾತು ನಿಂತಿತು. ಹುಡುಗಿಯ ಜೊತೆಗೂ ಆಡಲಿಲ್ಲ.

ಸ್ಟೇಜ್ ಬೇಡ ಅಂತ ಟೀಚರ್ ಗಟ್ಟಿಯಾಗಿ ನಿಂತರು. ಒಳ್ಳೆಯ ಟೀಚರ್ ಅವರು ಅಂತ ನಾನು ತಿಳಿದಿದ್ದು ಆಗ. ಪುಟ್ಟನಿಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವ ಕೆಲಸ ಕೊಟ್ಟರು. ಒಣಹುಲ್ಲು ಹಾಸುವುದು, ಪಾಚಿ ಅಂಟಿಸುವುದು, ಕುರಿಗಳನ್ನು ನಿಲ್ಲಿಸುವುದು. ಕೊಟ್ಟಿಗೆ ಅಂದರೆ ಹೇಗಿರಬೇಕು ಅಂತ ಆ ತರಗತಿಯಲ್ಲಿ ಅವನಷ್ಟು ಚೆನ್ನಾಗಿ ಯಾರಿಗೆ ಗೊತ್ತು? ಹುಲ್ಲು ಹಸಿ ಇದೆ, ಒಣಗಿದ್ದು ಬೇಕು ಅಂತ ಟೀಚರ್‌ಗೆ ಕೊಂಕಣಿಯಲ್ಲಿ ಹೇಳಿದ. ದೊಡ್ಡವರೊಬ್ಬರಿಗೆ ಶಾಲೆಯೊಳಗೆ ಅವನು ಆಡಿದ ಮೊದಲ ಪೂರ್ತಿ ವಾಕ್ಯ ಅದು. ಕಾರ್ಯಕ್ರಮದ ದಿನ ಅಪ್ಪ ಸ್ಟೇಜ್ ನೋಡುವ ಬದಲು ಗೋದಲಿ ಮುಂದೆ ನಿಂತರು. ಮಗನಿಗೆ ‘ಸೇ ಗುಡ್ ಈವ್ನಿಂಗ್ ಟು ಮೇಡಂ’ ಅಂತ ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ, ಕೊಂಕಣಿಯಲ್ಲಿ ಏನೋ ಕೇಳಿದರು. ಅವನು ಬೆರಳು ತೋರಿಸಿ ವಿವರಿಸತೊಡಗಿದ.

ಮಾರ್ಚ್ ಕೊನೆಗೆ

ವರ್ಷದ ಕೊನೆಯಲ್ಲಿ ಪುಟ್ಟ ತರಗತಿಯ ಮಕ್ಕಳ ಜೊತೆ ಕನ್ನಡದಲ್ಲಿ ಮೂರು ನಾಲ್ಕು ಪದದ ವಾಕ್ಯ ಆಡುತ್ತಿದ್ದ. ಟೀಚರ್ ಮತ್ತು ಸಿಸ್ಟರ್ ಜೊತೆ ಕೊಂಕಣಿ, ಈಚೆಗೆ ಸ್ವಲ್ಪ ಕನ್ನಡ. ಆಯಮ್ಮನ ಸೆರಗು ಎಳೆಯುವುದು ಬಿಟ್ಟು ಬಾಯಲ್ಲೇ ಕೇಳುತ್ತಿದ್ದ. ಇಂಗ್ಲಿಷ್ ರೈಮ್ಸ್‌ಗೆ ಕೈಸನ್ನೆ ಪೂರ್ತಿ ಮಾಡುತ್ತಾನೆ, ದನಿ ಇಲ್ಲ. ಹೊಸಬರು, ಅದರಲ್ಲೂ ಗಂಡಸರು ಬಂದರೆ ಈಗಲೂ ಬಾಯಿ ಮುಚ್ಚುತ್ತಾನೆ. ಇಪ್ಪತ್ತರವರೆಗೆ ಎರಡು ಭಾಷೆಯಲ್ಲಿ ಎಣಿಸುತ್ತಾನೆ. ಅಕ್ಷರ ಬರೆಯುವುದಿಲ್ಲ. ತನ್ನ ಹೆಸರನ್ನು ಕನ್ನಡದಲ್ಲಿ ಗುರುತಿಸುತ್ತಾನೆ, ಅಜ್ಜಿಯ ಪ್ರಾರ್ಥನೆ ಪುಸ್ತಕದಲ್ಲಿ ಆ ಅಕ್ಷರ ಕಂಡರೆ ಬೆರಳಿಡುತ್ತಾನೆ.

ಯುಕೆಜಿ ಟೀಚರ್ ಬೇರೆಯವರು. ಅವರಿಗಾಗಿ ಕಡತದಲ್ಲಿ ಒಂದು ಹಾಳೆ ಇಟ್ಟಿದ್ದಾರೆ. ಎದ್ದು ನಿಲ್ಲಿಸಿ ಮಾತಾಡಿಸಬೇಡಿ. ಆ ಹುಡುಗಿಯ ಪಕ್ಕದಲ್ಲೇ ಕೂರಿಸಿ. ಮೊದಲ ಎರಡು ವಾರ ಹಳೆ ಟೀಚರ್ ದಿನಕ್ಕೊಮ್ಮೆ ಬಂದು ಹೋಗಲಿ. ನೆಗಡಿ ಹಿಡಿದರೆ ಕಿವಿ ತೋರಿಸಿ. ಮಳೆ ರಜೆ ಮುಗಿದು ಬಂದ ದಿನ ಕುರಿ ಗೊಂಬೆ ಕೈಗೆ ಸಿಗುವ ಹಾಗೆ ಇಡಿ. ದೀಪಾವಳಿ ಹೊತ್ತಿಗೆ ಹೊಸ ಟೀಚರ್ ಜೊತೆ ಯಾವ ಭಾಷೆಯಲ್ಲೂ ಮಾತಾಡದಿದ್ದರೆ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಬೇಕು, ಇದಕ್ಕೆ ಮನೆಯವರು ಒಪ್ಪಿದ್ದಾರೆ. ಕೆಳಗೆ ಅಪ್ಪನ ಸಹಿ ಇದೆ.